ಐರನ್‌ಬಾರ್ಕ್ ಹಸಿಯಿದ್ದಾಗಲೇ ಕೊಯ್ಯಿರಿ: ಮನೆಯಲ್ಲೇ ದಿಮ್ಮಿ ಸೀಳಿ ತೋಟಕ್ಕೆ ಬೇಲಿ ಕಟ್ಟಿದ ಬಗೆ

ಗರಗಸ ಕೈಗೆತ್ತಿಕೊಳ್ಳುವ ಮೊದಲು ಒಂದು ಚೀಟಿಯ ಮೇಲೆ ತೂಕದ ಲೆಕ್ಕ ಹಾಕಿ. 45 ಸೆಂಟಿಮೀಟರ್ ದಪ್ಪ, 2.4 ಮೀಟರ್ ಉದ್ದದ ದಿಮ್ಮಿ ಎಂದರೆ ಸುಮಾರು 0.38 ಘನ ಮೀಟರ್ ಮರ. ಐರನ್‌ಬಾರ್ಕ್ ಎಂಬ, ಆಸ್ಟ್ರೇಲಿಯಾದ ಯೂಕಲಿಪ್ಟಸ್ ಜಾತಿಯ ಈ ಗಟ್ಟಿಮರ ಹಸಿಯಿದ್ದಾಗ ಘನ ಮೀಟರಿಗೆ ಹತ್ತಿರ ಹತ್ತಿರ 1,200 ಕಿಲೋ ತೂಗುತ್ತದೆ. ಹಾಗಾಗಿ ಆ ಒಂದೇ ತುಂಡು 450 ಕಿಲೋ ದಾಟುತ್ತದೆ. ಪೂರ್ತಿ ಒಣಗಿದ ಮೇಲೂ ಈ ಮರ ನೀರಿನಲ್ಲಿ ತೇಲುವುದಿಲ್ಲ, ಮುಳುಗುತ್ತದೆ. ಅದರಿಂದ ಕೊಯ್ದ ಐದು ಸೆಂಟಿಮೀಟರ್ ದಪ್ಪದ ಒಂದು ಅಗಲ ಹಲಗೆ ಊರಿನ ಸಿಮೆಂಟ್ ಚೀಲಕ್ಕಿಂತ ಭಾರ. ಮುಂದೆ ನಾನು ಹೇಳುವ ಪ್ರತಿಯೊಂದು ಹೆಜ್ಜೆಯೂ ಈ ತೂಕಕ್ಕೆ ತಲೆಬಾಗಿಯೇ ನಡೆಯುತ್ತದೆ.

ನಾನಿರುವುದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ, ಬ್ರಿಸ್ಬೇನ್‌ನಿಂದ ಪಶ್ಚಿಮಕ್ಕೆ ಸುಮಾರು ನೂರು ಕಿಲೋಮೀಟರ್ ದೂರದ ಹೆಲಿಡನ್ ಗುಡ್ಡಗಳ ಬುಡದಲ್ಲಿ. ಹುಟ್ಟಿದ್ದು ಸಾಗರ ಸೀಮೆಯ ಅಡಿಕೆ ತೋಟದ ಮನೆಯಲ್ಲಿ. ನಮ್ಮ ಕಡೆ ಯೂಕಲಿಪ್ಟಸ್ ಜಾತಿಯನ್ನೆಲ್ಲ ಒಟ್ಟಾಗಿ ನೀಲಗಿರಿ ಎಂದು ಕರೆದು, ಸೆಂಟ್ರಿಂಗ್ ಕಂಬಕ್ಕೋ ಕಾಗದದ ಕಾರ್ಖಾನೆಗೋ ಹೋಗುವ ಅಗ್ಗದ ಮರವೆಂದು ಬದಿಗಿಡುತ್ತೇವೆ. ಈ ದೇಶಕ್ಕೆ ಬಂದು ಐರನ್‌ಬಾರ್ಕ್ ಕಂಡ ಮೇಲೆ ಆ ತಾತ್ಸಾರ ನನ್ನಿಂದ ಪೂರ್ತಿ ಹೊರಟುಹೋಯಿತು. ಹೆಸರಿನ ಅರ್ಥವೇ ಕಬ್ಬಿಣದ ತೊಗಟೆ. ಕಪ್ಪಗೆ, ಬೆರಳು ತೂರುವಷ್ಟು ಆಳವಾಗಿ ಬಿರಿದ ತೊಗಟೆ. ಒಳಗೆ ಗಾಢ ಕೆಂಪು ಚೇಗು, ಅಂದರೆ ಮರದ ಒಳಗಿನ ಗಟ್ಟಿ ಭಾಗ. ಹಿಂದೆ ಇಲ್ಲಿನ ರೈಲು ಹಳಿಗಳ ಕೆಳಗೆ, ಸೇತುವೆಗಳ ಅಡಿಗೆ, ಹಡಗುಕಟ್ಟೆಗಳಿಗೆ ಇದೇ ಮರ ಹೋಯಿತು. ಇದರ ಚೇಗನ್ನು ನೆಲದಲ್ಲಿ ಹೂತರೂ 25 ವರ್ಷಕ್ಕಿಂತ ಹೆಚ್ಚು ಬಾಳುತ್ತದೆಂದು ಇಲ್ಲಿನ ಮಾನದಂಡ ಮೊದಲನೇ ದರ್ಜೆಯಲ್ಲಿಟ್ಟಿದೆ. ಗೆದ್ದಲು ಚೇಗಿನ ತಂಟೆಗೆ ಹೋಗುವುದಿಲ್ಲ.

ನವೆಂಬರ್ ಕೊನೆಯ ಒಂದು ಗುಡುಗು ಮಳೆಗೆ ನಮ್ಮ ಜಾಗದ ಮೇಲಂಚಿನಲ್ಲಿದ್ದ ಕಿರಿದೆಲೆಯ ಐರನ್‌ಬಾರ್ಕ್ ಒಂದು ಬೇರು ಸಮೇತ ಉರುಳಿತು. ಸಸ್ಯಶಾಸ್ತ್ರದಲ್ಲಿ ಅದು ಯೂಕಲಿಪ್ಟಸ್ ಕ್ರೆಬ್ರಾ. ಕೊಂಬೆ ಶುರುವಾಗುವ ತನಕ ಹನ್ನೊಂದು ಮೀಟರ್ ನೇರ ಕಾಂಡ. ಅದೇ ವಾರ ಮೊಲಗಳು ನಮ್ಮ ಬೀನ್ಸ್ ಪಾತಿಯನ್ನು ಬುಡದ ತನಕ ಮೇಯ್ದು ಮುಗಿಸಿದ್ದವು, ಪಕ್ಕದವರ ದನಗಳು ಉಳಿದದ್ದನ್ನು ತುಳಿದಿದ್ದವು. ಬೇಲಿ ಬೇಕಿತ್ತು, ಮರ ಬಿದ್ದಿತ್ತು. ಆ ರಾತ್ರಿ ಅಪ್ಪಯ್ಯನಿಗೆ ಫೋನ್ ಮಾಡಿ ಹೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಚೇಗು ಎಷ್ಟಿದೆ?" ಎರಡನೆಯದು, "ಯಾವಾಗ ಕೊಯ್ಯುತ್ತೀಯ?" ಚಳಿಗಾಲದಲ್ಲಿ (ಇಲ್ಲಿ ಅದು ಜೂನ್‌ನಿಂದ ಆಗಸ್ಟ್) ನಿಧಾನವಾಗಿ ಎಂದೆ. "ಹಸಿಯಿದ್ದಾಗಲೇ ಕೊಯ್ದು ಮುಗಿಸು. ಗಟ್ಟಿಮರ ಕಾಯುವುದಿಲ್ಲ," ಎಂದರು. ಅರ್ಧ ಮಾತು ಕೇಳಿದೆ, ಅರ್ಧ ಕೇಳಲಿಲ್ಲ. ಅದರ ಫಲವನ್ನು ಮುಂದೆ ಹೇಳುತ್ತೇನೆ.

ಕೊಯ್ಯುವ ಮುಂಚೆ

ಮೊದಲು ಕಾನೂನು. ಇಲ್ಲಿ ಬಿದ್ದ ಮರ ನನ್ನ ಜಾಗದ್ದೇ ಆಗಿದ್ದರೂ ಸ್ಥಳೀಯ ಕೌನ್ಸಿಲ್‌ಗೆ ಕೇಳಿ ಖಚಿತಪಡಿಸಿಕೊಂಡೆ. ರಸ್ತೆ ಬದಿಯ ಅಥವಾ ಸರ್ಕಾರಿ ಕಾಡಿನ ಮರವಾಗಿದ್ದರೆ ಬಿದ್ದದ್ದನ್ನು ಕೂಡ ಅನುಮತಿಯಿಲ್ಲದೆ ಮುಟ್ಟಬಾರದು. ಕರ್ನಾಟಕದಲ್ಲಿ ಕುಳಿತು ಓದುವವರು 1976ರ ಮರ ಸಂರಕ್ಷಣಾ ಕಾಯ್ದೆಯನ್ನು ನೆನಪಿಡಿ. ಮನೆಯಂಗಳದ ಮರವಾದರೂ, ಮರ ಕಡಿಯುವುದಕ್ಕೂ ದಿಮ್ಮಿ ಸೀಳುವುದಕ್ಕೂ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ.

ಆಮೇಲೆ ಕಬ್ಬಿಣ. ಬೇಲಿಯ ಪಕ್ಕ, ಮನೆಯ ಪಕ್ಕ ಬೆಳೆದ ಮರದೊಳಗೆ ಹಳೆಯ ಮೊಳೆ, ತಂತಿ ಇದ್ದೇ ಇರುತ್ತದೆ ಎಂದು ಭಾವಿಸಿಯೇ ಹೊರಡಿ. ಕೈಯಲ್ಲಿ ಹಿಡಿಯುವ ಲೋಹಶೋಧಕವನ್ನು ದಿಮ್ಮಿಯ ಸುತ್ತ ಆಡಿಸಿ. ದಿಮ್ಮಿಯ ತುದಿಯಲ್ಲಿ ನೀಲಿ ಮಿಶ್ರಿತ ಕಪ್ಪು ಕಲೆ ಕಂಡರೆ ಅಲ್ಲೆಲ್ಲೋ ಕಬ್ಬಿಣವಿದೆ. ಮರದ ಒಗರಿಗೆ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ಅಣಲೆಕಾಯಿಯ ಒಗರಿಗೆ ಕಬ್ಬಿಣ ಸೇರಿಸಿ ಹಿಂದಿನವರು ಶಾಯಿ ಮಾಡುತ್ತಿದ್ದುದು ಇದೇ ಗುಣದಿಂದ. ನನಗೆ ಬುಡದ ದಿಮ್ಮಿಯಲ್ಲಿ ಒಂದು ಮುಳ್ಳುತಂತಿಯ ತುಂಡು ಸಿಕ್ಕಿತು, ತೊಗಟೆಯಿಂದ ನಾಲ್ಕು ಬೆರಳು ಒಳಗೆ.

ದಿಮ್ಮಿ ಉರುಳಿಸುವ ಮೊದಲು ಅದರ ಆಚೆ ಬದಿಯನ್ನು ಉದ್ದನೆಯ ಕೋಲಿನಿಂದ ತಟ್ಟಿ. ಈ ಕಡೆ ಈಸ್ಟರ್ನ್ ಬ್ರೌನ್ ಎಂಬ ಹಾವಿದೆ, ಅದರ ವಿಷ ಬಹಳ ಕಠಿಣ. ಜೋಡಿಸಿಟ್ಟ ಹಲಗೆಗಳ ಅಡಿಯಲ್ಲಿ ರೆಡ್‌ಬ್ಯಾಕ್ ಜೇಡ ಮನೆಮಾಡುತ್ತದೆ. ಕೈಗವಸು ಕಳಚಬೇಡಿ. ಚೈನ್‌ಸಾ ಹಿಡಿಯುವಾಗ ಕಾಲಿಗೆ ರಕ್ಷಾಕವಚದ ಪ್ಯಾಂಟ್, ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ, ಮೂಗಿಗೆ ಧೂಳು ತಡೆಯುವ ಮಾಸ್ಕ್ ಇರಲೇಬೇಕು. ಈ ಕೆಲಸದಲ್ಲಿ ನೀವು ಗಂಟೆಗಟ್ಟಲೆ ಬಗ್ಗಿ, ಯಂತ್ರದ ಹೊಗೆಗೆ ಹತ್ತಿರ ಮುಖವಿಟ್ಟಿರುತ್ತೀರಿ. ಗಾಳಿ ಎತ್ತ ಬೀಸುತ್ತದೋ ನೋಡಿ ದಿಮ್ಮಿಯನ್ನು ಇರಿಸಿ. ಒಬ್ಬರೇ ಇದ್ದಾಗ ಕೊಯ್ಯಬೇಡಿ. ಬೆಂಕಿ ನಿಷೇಧ ಘೋಷಿಸಿದ ದಿನ, ಒಣಗಾಳಿಯ ದಿನ ಯಂತ್ರ ಮುಟ್ಟಲೇಬೇಡಿ. ನಾನು ಬೆಳಿಗ್ಗೆ ಆರಕ್ಕೆ ಶುರುಮಾಡಿ ಒಂಬತ್ತಕ್ಕೆ ನಿಲ್ಲಿಸುತ್ತಿದ್ದೆ. ಡಿಸೆಂಬರಿನಲ್ಲಿ ಇಲ್ಲಿ ಐದಕ್ಕೆ ಮೊದಲೇ ಬೆಳಕಾಗುತ್ತದೆ, ಹತ್ತರ ಹೊತ್ತಿಗೆ ಬಿಸಿಲು ತಲೆ ಸುಡುತ್ತದೆ.

ಯಂತ್ರದ ಬಲಕ್ಕಿಂತ ಹಲ್ಲಿನ ಹರಿತ

ಬೇಕಾದ ಸಾಮಾನು ಹೆಚ್ಚಿಲ್ಲ. 90 ಸಿಸಿ ಆಸುಪಾಸಿನ ಚೈನ್‌ಸಾ ಒಂದು, 36 ಇಂಚಿನ ಬಾರ್ (ಚೈನ್ ಸುತ್ತ ಓಡುವ ಉದ್ದನೆಯ ಉಕ್ಕಿನ ಪಟ್ಟಿ), ಅದಕ್ಕೆ ಬಿಗಿಯುವ ಅಲಾಸ್ಕನ್ ಮಿಲ್ ಎಂಬ ಚೌಕಟ್ಟು. ಚೌಕಟ್ಟು ಬಾರಿಗೆ ಸಮಾನಾಂತರವಾಗಿ ಮೇಲೆ ಕುಳಿತು, ನೀವು ಗೊತ್ತುಮಾಡಿದ ದಪ್ಪಕ್ಕೆ ಹಲಗೆ ಬರುವಂತೆ ಗರಗಸವನ್ನು ನಡೆಸುತ್ತದೆ. 50 ಸಿಸಿ ಯಂತ್ರದಿಂದ ಮೆದು ಮರ ಕೊಯ್ಯಬಹುದು, ಐರನ್‌ಬಾರ್ಕ್‌ಗೆ ಅದನ್ನು ಹಿಡಿದು ಹೋಗಬೇಡಿ. ಅಗಲದ ದಿಮ್ಮಿಗೆ 70 ಸಿಸಿ ಕೂಡ ಏದುಸಿರು ಬಿಡುತ್ತದೆ. ಚೌಕಟ್ಟಿನ ಹಿಡಿಕೆಗಳು ಬಾರಿನ ಉದ್ದವನ್ನು ಒಂದಿಷ್ಟು ತಿನ್ನುತ್ತವೆ, 36 ಇಂಚಿನ ಬಾರಿಗೆ ಸುಮಾರು 75 ಸೆಂಟಿಮೀಟರ್ ಅಗಲದ ತನಕ ಮಾತ್ರ ಕೊಯ್ತ ಸಾಧ್ಯ.

ಆದರೆ ಹಣ ಮತ್ತು ಗಮನವನ್ನು ನಿಜವಾಗಿ ಸುರಿಯಬೇಕಾದದ್ದು ಚೈನ್ ಮೇಲೆ. ಅಂಗಡಿಯಲ್ಲಿ ಸಿಗುವ ಮಾಮೂಲಿ ಚೈನ್ ಮರವನ್ನು ಅಡ್ಡಕ್ಕೆ ತುಂಡರಿಸಲು ಮಾಡಿದ್ದು, ಅದರ ಹಲ್ಲಿನ ಕೋನ 30 ಡಿಗ್ರಿ ಆಸುಪಾಸು. ಉದ್ದಕ್ಕೆ ಸೀಳುವ ಚೈನಿನ ಹಲ್ಲು 10 ಡಿಗ್ರಿಗೆ ಅರೆದಿರುತ್ತದೆ. ಬಡಗಿಯ ಉಳಿ ಹೇಗೆ ನೇರವಾಗಿ ಎದುರು ನಿಂತು ಕೆತ್ತುತ್ತದೋ ಹಾಗೆ. ಅದರಿಂದ ಹಲಗೆಯ ಮುಖ ನಯವಾಗಿ ಬರುತ್ತದೆ, ಬಾರ್ ಕುಲುಕಾಡುವುದಿಲ್ಲ. ಎರಡು ಚೈನ್ ಕೊಳ್ಳಿರಿ, ಒಂದು ಮೊಂಡಾದಾಗ ಇನ್ನೊಂದು ಹಾಕಿ, ಸಂಜೆ ನೆರಳಲ್ಲಿ ಕುಳಿತು ಎರಡಕ್ಕೂ ಅರ ಹಿಡಿಯಿರಿ. 3/8 ಇಂಚಿನ ಚೈನಿಗೆ 5.5 ಮಿ.ಮೀ. ದುಂಡು ಅರ.

ಅರ ಹಾಕುವಾಗ ಲೆಕ್ಕ ತಪ್ಪಬಾರದು. ಎಡದ ಪ್ರತಿ ಹಲ್ಲಿಗೆ ಮೂರು ಎಳೆತವಾದರೆ ಬಲದ ಪ್ರತಿ ಹಲ್ಲಿಗೂ ಮೂರೇ. ಒಂದು ಬದಿಯ ಹಲ್ಲು ಉದ್ದ, ಇನ್ನೊಂದು ಬದಿಯದು ಗಿಡ್ಡವಾದರೆ ಬಾರ್ ಮರದೊಳಗೆ ಒಂದು ಕಡೆಗೆ ವಾಲಿಕೊಂಡು ಹೋಗುತ್ತದೆ. ನನ್ನ ಮೊದಲ ಹಲಗೆ ಒಂದು ಅಂಚಿನಲ್ಲಿ 50 ಮಿ.ಮೀ., ಮತ್ತೊಂದು ಅಂಚಿನಲ್ಲಿ 57 ಬಂದದ್ದು ಹೀಗೆಯೇ. ಹಲ್ಲಿನ ಮುಂದಿರುವ ಗಿಡ್ಡ ಗೂಟ, ಅಂದರೆ ಹಲ್ಲು ಎಷ್ಟು ಆಳ ಕಚ್ಚಬೇಕೆಂದು ತಡೆಹಿಡಿಯುವ ಭಾಗ, ಅದನ್ನು ಹಲ್ಲಿಗಿಂತ 0.65 ಮಿ.ಮೀ. ತಗ್ಗಿನಲ್ಲಿ ಇಟ್ಟರೆ ಸಾಕು. ಬೇಗ ಕೊಯ್ಯಲೆಂದು ನಾನು ಒಮ್ಮೆ ಅದನ್ನು ಹೆಚ್ಚು ತಗ್ಗಿಸಿದೆ. ಐರನ್‌ಬಾರ್ಕ್ ಒಂದೊಂದು ಹಲ್ಲನ್ನೂ ಹಿಡಿದು ಎಳೆಯಿತು, ಯಂತ್ರ ಕೈಯಲ್ಲಿ ಗುದ್ದತೊಡಗಿತು, ತೋಳು ಮೂರು ದಿನ ನೋಯಿತು. ಗಟ್ಟಿಮರದಲ್ಲಿ ಸಣ್ಣ ಸಣ್ಣ ತುತ್ತೇ ಕ್ಷೇಮ.

ಹರಿತ ಹೋಯಿತೆಂದು ತಿಳಿಯುವುದು ಹುಡಿಯಿಂದ. ಹಿಂದೆ ಉದುರುವ ಹುಡಿಯನ್ನು ಹಿಡಿ ತುಂಬ ಎತ್ತಿಕೊಂಡು ಬೆರಳಲ್ಲಿ ಉಜ್ಜಿ ನೋಡಿ. ಉಪ್ಪಿಟ್ಟಿನ ರವೆಯ ಹಾಗೆ ಕಾಳುಕಾಳಾಗಿದ್ದರೆ ಚೈನ್ ಚೆನ್ನಾಗಿದೆ. ರಾಗಿ ಹಿಟ್ಟಿನ ಹಾಗೆ ನುಣ್ಣಗಾಯಿತೆಂದರೆ ಕೂಡಲೇ ನಿಲ್ಲಿಸಿ. ನುಣ್ಣನೆಯ ಹುಡಿ ಬರುತ್ತಿರುವಾಗ ಹಲ್ಲು ಕೊಯ್ಯುತ್ತಿಲ್ಲ, ಉಜ್ಜುತ್ತಿದೆ. ಉಜ್ಜಿದರೆ ಬಿಸಿ, ಬಿಸಿಯಾದರೆ ಬಾರ್ ನೀಲಿಗಟ್ಟುತ್ತದೆ, ಎಣ್ಣೆ ಸುಡುತ್ತದೆ. ನಾನು ಪ್ರತಿ ಎರಡು ಹಲಗೆಗೊಮ್ಮೆ ಅರ ಹಿಡಿದೆ. ಅದು ಹೊತ್ತು ಕಳೆದಂತೆ ಕಂಡರೂ ದಿನದ ಕೊನೆಗೆ ಹಲಗೆಗಳ ಎಣಿಕೆ ಹೆಚ್ಚೇ ಇರುತ್ತಿತ್ತು.

ತೊಗಟೆಯ ವಿಷಯವೂ ಹರಿತಕ್ಕೇ ಸೇರಿದ್ದು. ಹೊನ್ನೆಮರಕ್ಕೆ ಕತ್ತಿ ತಾಗಿಸಿದರೆ ರಕ್ತದಂಥ ಅಂಟು ಒಸರುವುದನ್ನು ಮಲೆನಾಡಿನವರು ನೋಡಿರುತ್ತೀರಿ. ಕೀನೋ ಎಂದು ಪೇಟೆಯಲ್ಲಿ ಹೆಸರಾದ ಅಂಟು ಅದು. ಐರನ್‌ಬಾರ್ಕಿನ ತೊಗಟೆಯಲ್ಲಿ ತುಂಬಿಕೊಂಡಿರುವ ಕೆಂಪು ಅಂಟಿಗೂ ಇಲ್ಲಿ ಅದೇ ಹೆಸರು. ಬಿರುಕುಗಳಲ್ಲಿ ಮರಳು, ಮಣ್ಣು ಸೇರಿಕೊಂಡಿರುತ್ತದೆ, ಅದಕ್ಕೆ ಹಲ್ಲು ಬೇಗ ಮೊಂಡಾಗುತ್ತದೆ. ಚೈನ್ ಓಡುವ ಸಾಲಿನಲ್ಲಾದರೂ ಕೊಡಲಿಯಿಂದ ತೊಗಟೆ ಕೆತ್ತಿ ತೆಗೆಯಿರಿ.

ಮೊದಲ ಕೊಯ್ತ

ಕಾಂಡವನ್ನು ತುಂಡು ಮಾಡುವ ಮುಂಚೆಯೇ ಬೇಲಿಯ ಅಳತೆ ಕಾಗದದ ಮೇಲಿರಲಿ. ನಮ್ಮ ತರಕಾರಿ ತೋಟ 12 ಮೀಟರ್ ಉದ್ದ, 7.2 ಮೀಟರ್ ಅಗಲ. ಕಂಬದಿಂದ ಕಂಬಕ್ಕೆ 2.4 ಮೀಟರ್ ಇಟ್ಟರೆ ಸುತ್ತಲೂ 16 ಅಂಕಣ. ಬಾಗಿಲಿಗೊಂದು ಹೆಚ್ಚಿನದು ಸೇರಿ 17 ಕಂಬ. ಕಂಬ 1.8 ಮೀಟರ್, ಅದರಲ್ಲಿ 60 ಸೆಂಟಿಮೀಟರ್ ನೆಲದೊಳಗೆ. ಪ್ರತಿ ಅಂಕಣಕ್ಕೆ ಎರಡು ಅಡ್ಡಪಟ್ಟಿ. ಹಾಗಾಗಿ ಬುಡದ ದಪ್ಪ ಭಾಗದಿಂದ 1.8 ಮೀಟರಿನ ಎರಡು ದಿಮ್ಮಿ, ಮೇಲಿನಿಂದ 2.4ರ ಮೂರು. ಸುಮ್ಮನೆ ಎಲ್ಲವನ್ನೂ ಒಂದೇ ಉದ್ದಕ್ಕೆ ಕತ್ತರಿಸಿದ್ದರೆ ಪ್ರತಿ ಕಂಬದಲ್ಲೂ ಎರಡು ಅಡಿ ಚೇಗು ವ್ಯರ್ಥವಾಗುತ್ತಿತ್ತು. ಕತ್ತರಿಸಿದ ಗಂಟೆಯೊಳಗೆ ದಿಮ್ಮಿಯ ಎರಡೂ ತುದಿಗಳಿಗೆ ದಪ್ಪಗೆ ಬಣ್ಣ ಬಳಿಯಿರಿ. ಹಳೆಯ ಗೋಡೆ ಬಣ್ಣವಾದರೂ ಆದೀತು. ತುದಿಯಿಂದ ನೀರು ಬೇಗ ಆರಿದರೆ ನಕ್ಷತ್ರದಾಕಾರದ ಸೀಳು ಬೀಳುತ್ತದೆ.

ದಿಮ್ಮಿಯನ್ನು ಎತ್ತುವ ಯೋಚನೆಯೇ ಬೇಡ, ಉರುಳಿಸಿ. ಎರಡು ಗಟ್ಟಿ ಗಳುಗಳನ್ನು ಹಾಸಿ, ಹಾರೆಯಿಂದ ಮೀಟಿ, ಕೊಕ್ಕೆಗೋಲಿನಿಂದ ಎಳೆದು ಅವುಗಳ ಮೇಲೆ ತನ್ನಿ, ಎರಡೂ ಬದಿಗೆ ಬೆಣೆ ಬಡಿಯಿರಿ. ಆಮೇಲೆ ಕಾರಿನ ಜಾಕ್ ಇಟ್ಟು ಒಂದು ತುದಿಯನ್ನು ಒಂದೂವರೆ ಅಡಿ ಎತ್ತರಿಸಿ ಅಡಿಗೆ ಮರದ ತುಂಡು ಕೊಡಿ. ಈ ಇಳಿಜಾರೇ ನಿಮ್ಮ ದೊಡ್ಡ ಸಹಾಯಕ. ಮೇಲಿನ ತುದಿಯಿಂದ ಕೆಳಕ್ಕೆ ಕೊಯ್ಯುತ್ತ ಬಂದರೆ ಯಂತ್ರದ ಭಾರವೇ ಅದನ್ನು ಮುಂದಕ್ಕೆ ನಡೆಸುತ್ತದೆ, ನೀವು ತಳ್ಳಬೇಕಾಗಿಲ್ಲ.

ದುಂಡು ದಿಮ್ಮಿಯ ಮೇಲೆ ಚೌಕಟ್ಟು ಕೂರುವುದಿಲ್ಲ, ಮೊದಲ ಕೊಯ್ತಕ್ಕೆ ನೇರವಾದ ಹಳಿ ಬೇಕು. ಸೊಟ್ಟವಿಲ್ಲದ ಅಲ್ಯೂಮಿನಿಯಂ ಏಣಿಯೊಂದನ್ನು ದಿಮ್ಮಿಯ ಮೇಲಿಟ್ಟು, ಎರಡು ತುದಿಯಲ್ಲೂ ಮರದ ತುಂಡಿನ ಆಸರೆ ಕೊಟ್ಟು ಸ್ಕ್ರೂ ಹಾಕಿ ಬಿಗಿದೆ. ಸ್ಕ್ರೂ ಎಷ್ಟು ಆಳಕ್ಕಿಳಿದಿದೆ, ಚೈನ್ ಎಷ್ಟು ಆಳದಲ್ಲಿ ಹೋಗುತ್ತದೆ ಎಂಬುದನ್ನು ಎರಡು ಸಲ ಅಳೆಯಿರಿ. ಏಣಿ ಎರಡೂ ತುದಿಯಲ್ಲಿ ಒಂದೇ ಸಮತಲದಲ್ಲಿ ಇದೆಯೇ ಎಂದು ರಸಮಟ್ಟ ಇಟ್ಟು ನೋಡಿ, ಇಲ್ಲವಾದರೆ ಹಲಗೆ ತಿರುಚಿಕೊಂಡು ಬರುತ್ತದೆ. ನಮ್ಮ ಮನೆಗೆ ಮರ ಕೊಯ್ಯಲು ಬರುತ್ತಿದ್ದ ಇಬ್ಬರು ದಿಮ್ಮಿಗೆ ಮಸಿ ಬಳಿದ ದಾರ ಹೊಡೆಯುವುದಕ್ಕೇ ಅರ್ಧ ಬೆಳಗು ಕಳೆಯುತ್ತಿದ್ದರು. ಒಬ್ಬ ಅಟ್ಟಣೆಯ ಮೇಲೆ, ಒಬ್ಬ ಕೆಳಗಿನ ಗುಂಡಿಯಲ್ಲಿ, ನಡುವೆ ಆಳೆತ್ತರದ ಗರಗಸ. ಆ ದಾರದ ಗೆರೆಯಿಂದ ಅವರ ಗರಗಸ ಕೂದಲಷ್ಟೂ ಸರಿಯುತ್ತಿರಲಿಲ್ಲ. ಈಗ ಏಣಿ ಬಿಗಿಯುವಾಗಲೆಲ್ಲ ನಾನು ಅವರನ್ನೇ ನೆನೆಯುತ್ತೇನೆ.

ಯಂತ್ರವನ್ನು ಪೂರ್ತಿ ವೇಗಕ್ಕೆ ತಂದು ಆಮೇಲೆ ಮರಕ್ಕೆ ತಾಗಿಸಿ, ಹೊರಬರುವ ತನಕ ವೇಗ ಇಳಿಸಬೇಡಿ. ಎರಡು ಅಡಿ ಮುಂದೆ ಹೋದ ಕೂಡಲೇ ಹಿಂದಿನ ಸೀಳಿಗೆ ಪ್ಲಾಸ್ಟಿಕ್ ಬೆಣೆ ತೂರಿಸಿ, ಮತ್ತೆ ಎರಡು ಅಡಿಗೊಂದು. ಇಲ್ಲವಾದರೆ ಮೇಲಿನ ಹಲಗೆಯ ಭಾರ ಬಾರಿನ ಮೇಲೆ ಕೂರುತ್ತದೆ. ಬಾರಿನ ತುದಿಗೆ ಎಣ್ಣೆ ತಲುಪುವುದು ಕಷ್ಟ, ಆ ತುದಿಯಲ್ಲಿ ಹನಿಹನಿಯಾಗಿ ಎಣ್ಣೆ ಬಿಡುವ ಸಣ್ಣ ಡಬ್ಬಿಯನ್ನು ಚೌಕಟ್ಟಿಗೆ ಜೋಡಿಸಿಕೊಳ್ಳಿ. ಕೊಯ್ತ ಮುಗಿದ ಕೂಡಲೇ ಯಂತ್ರ ಆರಿಸಬೇಡಿ. ಅರ್ಧ ನಿಮಿಷ ಸುಮ್ಮನೆ ಓಡಲಿ, ಒಳಗಿನ ಕಾವು ಇಳಿಯಲಿ. 45 ಸೆಂಟಿಮೀಟರಿನ ಹಸಿ ದಿಮ್ಮಿಯಲ್ಲಿ ಒಂದು ಕೊಯ್ತಕ್ಕೆ ನನಗೆ ಒಂಬತ್ತು ನಿಮಿಷ ಬೇಕಾಯಿತು.

ಮರದೊಳಗಿನ ಬಿಗಿತ

ಯೂಕಲಿಪ್ಟಸ್ ಜಾತಿಯ ಮರ ಕೊಯ್ಯುವವರು ಇದನ್ನು ತಿಳಿಯದೆ ಮುಂದೆ ಹೋಗಬಾರದು. ನಿಂತ ಮರದ ಹೊರಪದರ ಎಳೆದು ಕಟ್ಟಿದ ಹಗ್ಗದಂತೆ ಬಿಗಿದಿರುತ್ತದೆ, ನಡುಭಾಗ ಅದಕ್ಕೆ ಎದುರಾಗಿ ಒತ್ತಿಗೆ ಸಿಕ್ಕಿರುತ್ತದೆ. ದಿಮ್ಮಿ ಇಡಿಯಾಗಿರುವ ತನಕ ಎರಡೂ ಸಮ. ನೀವು ಒಂದು ಬದಿಯಿಂದ ಹಲಗೆ ತೆಗೆದ ಕ್ಷಣ ಆ ಹಲಗೆಯ ತುದಿಗಳು ತೊಗಟೆಯ ಕಡೆಗೆ ಬಿಲ್ಲಿನಂತೆ ಏಳುತ್ತವೆ. ಇತ್ತ ಉಳಿದ ದಿಮ್ಮಿಯ ಕೊಯ್ದ ಮುಖ ನಡುವೆ ಉಬ್ಬುತ್ತದೆ. ಒಂದೇ ಬದಿಯಿಂದ ನಾಲ್ಕು ಹಲಗೆ ತೆಗೆದರೆ ನಾಲ್ಕೂ ಸೊಟ್ಟ. ಆದ್ದರಿಂದ ಮೇಲಿನಿಂದ ಒಂದು ತೆಗೆದ ಮೇಲೆ ದಿಮ್ಮಿಯನ್ನು ಮಗುಚಿ ಎದುರು ಬದಿಯಿಂದ ಒಂದು ತೆಗೆಯಿರಿ, ಮತ್ತೆ ಮಗುಚಿ. ಉಬ್ಬು ಕಂಡಾಗಲೆಲ್ಲ ಏಣಿಯನ್ನು ಮತ್ತೆ ಬಿಗಿದು ನೇರಗೊಳಿಸಿ. ಮೈ ಬೆವರುತ್ತದೆ, ಬೇಸರ ಬರುತ್ತದೆ, ಆದರೆ ಬೇರೆ ದಾರಿಯಿಲ್ಲ. ದಿಮ್ಮಿಯನ್ನು ಗಿಡ್ಡವಾಗಿ ಕತ್ತರಿಸಿದ್ದಕ್ಕೂ ಇದೇ ಕಾರಣ. ಉದ್ದ ಹೆಚ್ಚಿದಷ್ಟೂ ಬಾಗು ಹೆಚ್ಚು.

ನಟ್ಟನಡುವಿನ ತಿರುಳು ಇರುವ ತುಂಡನ್ನು ಕಂಬಕ್ಕೆ ಬಳಸಬೇಡಿ. ಅಲ್ಲಿನ ಮರ ಪೆಡಸು, ಸೀಳು ಅಲ್ಲಿಂದಲೇ ಶುರುವಾಗುತ್ತದೆ. 55 ಸೆಂಟಿಮೀಟರಿನ ಬುಡದ ದಿಮ್ಮಿಯಿಂದ 100 ಮಿ.ಮೀ. ಚದರದ ಎಂಟು ಕಂಬಗಳು ಬಂದವು, ನಡುವಿನ ಒಂಬತ್ತನೆಯದನ್ನು ಅಂಗಳದ ಮೆಟ್ಟಿಲಿಗೆ ಹಾಸಿದೆ. ಒಂದೊಂದು ಹಸಿ ಕಂಬವೂ 21 ಕಿಲೋ ದಾಟುತ್ತದೆ.

ಚೇಗಿನ ಹೊರಗೆ ಬೆರಳಗಲದ ಬಿಳಿಮರದ ಪಟ್ಟಿಯಿರುತ್ತದೆ. ನೆಲದೊಳಗೆ ಇದು ಬಾಳುವುದಿಲ್ಲ, ಯಾವ ಗಟ್ಟಿ ಜಾತಿಯ ಮರದ್ದೂ ಬಾಳುವುದಿಲ್ಲ. ಕಂಬದ ಕೆಳಗಿನ ಎರಡೂವರೆ ಅಡಿಯಲ್ಲಿ ಬಿಳಿ ಕಂಡಲ್ಲೆಲ್ಲ ಬಾಚಿಯಿಂದ ಕೆತ್ತಿ ಚೇಗು ಕಾಣುವ ತನಕ ತೆಗೆದೆ. ಅಪ್ಪಯ್ಯ ದಿನಾ ಕೇಳುತ್ತಿದ್ದ ಪ್ರಶ್ನೆಯೇ ಅದು, "ಬಿಳಿ ತೆಗೆದೆಯಾ?"

ತೆಳು ಪಟ್ಟಿಗಳ ಬಗ್ಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಚೈನ್‌ಸಾ ಪ್ರತಿ ಕೊಯ್ತಕ್ಕೂ ಸುಮಾರು 9 ಮಿ.ಮೀ. ಮರವನ್ನು ಹುಡಿ ಮಾಡುತ್ತದೆ. 20 ಮಿ.ಮೀ. ಪಟ್ಟಿ ಕೊಯ್ದರೆ ಮೂರರಲ್ಲಿ ಒಂದು ಪಾಲು ನೆಲಕ್ಕೆ. ತೆಳು ಉಕ್ಕಿನ ಪಟ್ಟಿಯಂಥ ಗರಗಸ ಓಡುವ ಬ್ಯಾಂಡ್‌ಸಾ ಮಿಲ್ 2ರಿಂದ 3 ಮಿ.ಮೀ. ಮಾತ್ರ ತಿನ್ನುತ್ತದೆ. ಆದ್ದರಿಂದ ಸುತ್ತಲೂ ನಿಲುವು ಪಟ್ಟಿಯ ಬೇಲಿ ಬೇಕೆನ್ನುವವರು ಟ್ರೇಲರ್ ಮೇಲೆ ಮಿಲ್ ತಂದು ಕೊಯ್ದುಕೊಡುವವರನ್ನು ಒಂದು ದಿನಕ್ಕೆ ಕರೆಸುವುದೇ ಮರಕ್ಕೆ ಮಾಡುವ ನ್ಯಾಯ. ನಾನು ರಸ್ತೆಗೆ ಕಾಣುವ ಒಂದು ಬದಿಗೆ ಮಾತ್ರ 90 ಪಟ್ಟಿ ಕೊಯ್ದೆ. ಉಳಿದ ಮೂರು ಬದಿಗೆ ಕಂಬ, ಅಡ್ಡಪಟ್ಟಿ, ತಂತಿಬಲೆ. ಒಟ್ಟು ಎರಡು ಘನ ಮೀಟರ್ ದಿಮ್ಮಿಯಿಂದ ಮುಕ್ಕಾಲು ಘನ ಮೀಟರಿನಷ್ಟು ನಾಟಾ ಕೈಗೆ ಬಂತು.

ಕಾಯಿಸಿದ ಎರಡು ದಿಮ್ಮಿ

ಡಿಸೆಂಬರ್, ಜನವರಿಯಲ್ಲಿ ಮೂರು ದಿಮ್ಮಿ ಮುಗಿದವು. ಆಮೇಲೆ ಕೆಲಸದ ಒತ್ತಡ, ಮಗನ ಶಾಲೆ, ಮಳೆ. ತುದಿಗೆ ಬಣ್ಣ ಬಳಿದ ಎರಡು ದಿಮ್ಮಿಗಳು ಆಗಸ್ಟ್ ತನಕ ಹಾಗೆಯೇ ಬಿದ್ದಿದ್ದವು. ಚಳಿಗಾಲದ ತಂಪಿನಲ್ಲಿ ಆರಾಮವಾಗಿ ಕೊಯ್ಯೋಣ ಎಂದುಕೊಂಡು ಹೋದರೆ, ಹೊರಗಿನ ಎರಡು ಮೂರು ಇಂಚು ಒಣಗಿ ಕಲ್ಲಾಗಿತ್ತು. ಅದೇ ಯಂತ್ರ, ಅದೇ ಚೈನ್, ಹೊಸದಾಗಿ ಅರ ಹಾಕಿದ ಹಲ್ಲು. ಒಂಬತ್ತು ನಿಮಿಷದ ಕೊಯ್ತಕ್ಕೆ ಹದಿನಾರು ನಿಮಿಷ. ಅರ್ಧ ದಾರಿಯಲ್ಲೇ ರವೆ ಹೋಗಿ ಹಿಟ್ಟು ಉದುರತೊಡಗುತ್ತಿತ್ತು. ಪ್ರತಿ ಕೊಯ್ತಕ್ಕೂ ಎರಡು ಸಲ ಅರ. ದಿಮ್ಮಿಯ ಮೈಮೇಲೆ ಬಿದ್ದ ಸೀಳುಗಳಿಂದ ಹಲಗೆಗಳ ಅಂಚು ಹಾಳಾಗಿ, ಹನ್ನೊಂದು ಅಡ್ಡಪಟ್ಟಿಯಷ್ಟು ಮರ ಸೌದೆಗೆ ಹೋಯಿತು. ಇಂಥ ಮರ ಮತ್ತೆ ನಮ್ಮ ಜಾಗದಲ್ಲಿ ಬೆಳೆಯಲು ನನ್ನ ಆಯುಷ್ಯ ಸಾಲದು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಮರ ಬಿದ್ದ ಆರು ವಾರದೊಳಗೆ ಕೊಯ್ದು ಮುಗಿಸಲು ಆಗುವುದಿಲ್ಲವೆಂದಾದರೆ ಯಾರಿಗಾದರೂ ಕೊಟ್ಟುಬಿಡಿ.

ಬೇಲಿ ನಿಲ್ಲಿಸುವುದು

ಬೇಲಿಗೆ ಮರ ಒಣಗಿಸುವ ಅಗತ್ಯವಿಲ್ಲ. ಪೀಠೋಪಕರಣಕ್ಕಾದರೆ ಒಂದಿಂಚಿಗೆ ಒಂದು ವರ್ಷದ ಲೆಕ್ಕದಲ್ಲಿ ನೆರಳಲ್ಲಿ, ನಡುನಡುವೆ ರೀಪು ಇಟ್ಟು ಕಾಯಬೇಕು. ಬೇಲಿಗೆ ತದ್ವಿರುದ್ಧ, ಹಸಿಯಾಗಿಯೇ ಕಟ್ಟಿ. ಹಸಿಯಲ್ಲಿ ತೂತು ಸಲೀಸು, ಕಟ್ಟಿದ ಮೇಲೆ ಒಣಗುವ ಮರ ಸ್ಕ್ರೂವನ್ನು ಕಚ್ಚಿ ಹಿಡಿಯುತ್ತದೆ. ಕೊಯ್ದ ದಿನದಿಂದ ಕಟ್ಟುವ ದಿನದ ತನಕ ಹಲಗೆಗಳನ್ನು ನೆರಳಲ್ಲಿ ಒತ್ತಾಗಿ ಪೇರಿಸಿ ಗೋಣಿ ಹೊದಿಸಿ.

ಐದು ಸೆಂಟಿಮೀಟರ್ ದಪ್ಪದ ಹಲಗೆಗಳನ್ನು ವೃತ್ತಾಕಾರದ ಕೈಗರಗಸದಿಂದ 75 ಮಿ.ಮೀ. ಅಗಲಕ್ಕೆ ಸೀಳಿದೆ, ಒಂದೇ ಸಲಕ್ಕೆ ಆಳ ಇಳಿಸದೆ ಎರಡು ಸಲಕ್ಕೆ. ಒಳಗಿನ ಬಿಗಿತ ಇಲ್ಲೂ ಬ್ಲೇಡನ್ನು ಹಿಡಿಯುತ್ತದೆ, ಹಿಂದೆ ಬೆಣೆ ಇಡುತ್ತ ಹೋಗಿ. ಬಾಗಿದ ಅಡ್ಡಪಟ್ಟಿಯ ಉಬ್ಬನ್ನು ಮೇಲ್ಮುಖವಾಗಿ ಇಟ್ಟು ಬಿಗಿದರೆ ಭಾರಕ್ಕೆ ನೇರವಾಗುತ್ತದೆ.

ನಮ್ಮ ನೆಲ ಮರಳುಕಲ್ಲಿನ ಒರಟು ಮಣ್ಣು, ನೀರು ನಿಲ್ಲುವುದಿಲ್ಲ. ಹಾಗಾಗಿ ಕಂಬಕ್ಕೆ ಕಾಂಕ್ರೀಟ್ ಹಾಕಲಿಲ್ಲ. ಗುಂಡಿಯ ತಳಕ್ಕೆ ಒಂದು ಹಿಡಿ ಎತ್ತರ ಜಲ್ಲಿ, ಮೇಲೆ ಕಂಬ, ಸುತ್ತ ನಾಲ್ಕು ಬೆರಳಿಗೊಮ್ಮೆ ಮಣ್ಣು ಹಾಕಿ ಹಾರೆಯ ಹಿಂಬದಿಯಿಂದ ಗುದ್ದಿ ಗುದ್ದಿ ತುಂಬಿದೆ. ಕಣಿವೆಯ ತಗ್ಗಿನಲ್ಲಿ ಎರೆಮಣ್ಣಿದೆ, ನಮ್ಮ ಗದಗ, ಧಾರವಾಡದ ಕಡೆಯದರಂತೆಯೇ ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುವಂಥದ್ದು. ಅಂಥ ನೆಲದಲ್ಲಿ ಕಂಬ ಇನ್ನೂ ಆಳಕ್ಕಿಳಿಯಬೇಕು. ಮೂಲೆಯ ಕಂಬಗಳನ್ನು ಮೊದಲು ನಿಲ್ಲಿಸಿ ದಾರ ಎಳೆದು, ನಡುವಿನವನ್ನು ಆ ದಾರಕ್ಕೆ ಹೊಂದಿಸಿ. ಕಂಬದ ತಲೆಯನ್ನು ಓರೆಯಾಗಿ ಕತ್ತರಿಸಿ, ಮಳೆನೀರು ಜಾರಿಹೋಗಲಿ.

ಐರನ್‌ಬಾರ್ಕಿಗೆ ತೂತು ಕೊರೆಯದೆ ಒಂದು ಮೊಳೆಯನ್ನೂ ಹೊಡೆಯಬೇಡಿ. ಮೊಳೆ ಬಾಗುತ್ತದೆ ಅಥವಾ ಪಟ್ಟಿ ಸೀಳುತ್ತದೆ. 14 ಗೇಜಿನ ಉದ್ದ ಸ್ಕ್ರೂಗೆ 5 ಮಿ.ಮೀ. ತೂತು, ಎಳೆಗೆ ಸ್ವಲ್ಪ ಸಾಬೂನು. ಬಿಸಿ ಸತುವಿನಲ್ಲಿ ಅದ್ದಿದ ಸ್ಕ್ರೂ ಅಥವಾ ಸ್ಟೇನ್‌ಲೆಸ್ ಉಕ್ಕಿನದ್ದೇ ಆಗಬೇಕು. ಬರಿಯ ಕಬ್ಬಿಣವಾದರೆ ಮೊದಲೇ ಹೇಳಿದ ಆ ಕಪ್ಪು ಕಲೆ ಬೇಲಿಯುದ್ದಕ್ಕೂ ಇಳಿಯುತ್ತದೆ. ನಿಲುವು ಪಟ್ಟಿಗೆ ಪ್ರತಿ ಅಡ್ಡದ ಮೇಲೆ ನಡುವೆ ಒಂದೇ ಸ್ಕ್ರೂ ಸಾಕು. ಒಣಗುವಾಗ ಪಟ್ಟಿ ಎರಡೂ ಬದಿಯಿಂದ ಕುಗ್ಗುತ್ತದೆ, ಎರಡು ಅಂಚಿನಲ್ಲೂ ಬಿಗಿದಿದ್ದರೆ ನಡುವೆ ಸೀಳಿಬಿಡುತ್ತದೆ. ತಂತಿಬಲೆಯ ಕೆಳಗಿನ ಒಂದಡಿಯನ್ನು ಹೊರಮುಖವಾಗಿ ನೆಲದ ಮೇಲೆ ಮಡಿಸಿ ಕಲ್ಲು ಹೇರಿ. ಮೊಲ ಬೇಲಿಯ ಬುಡದಲ್ಲೇ ಕೆರೆಯುತ್ತದೆ, ಬಲೆ ಉಗುರಿಗೆ ತಾಗಿದರೆ ಬಿಟ್ಟು ಹೋಗುತ್ತದೆ.

ಬಣ್ಣ ಹಚ್ಚಲಿಲ್ಲ. ಮೊದಲ ಕೆಲವು ತಿಂಗಳು ಮಳೆ ಬಂದಾಗಲೆಲ್ಲ ಕೆಂಗಂದು ನೀರು ಇಳಿಯುತ್ತದೆ, ಹತ್ತಿರ ಬಟ್ಟೆ ಒಣಹಾಕಬೇಡಿ. ಹುಡಿಯನ್ನು ತರಕಾರಿ ಮಡಿಗೆ ಬೆರೆಸಬೇಡಿ, ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಹೀರುತ್ತದೆ. ನಮ್ಮಲ್ಲಿ ಅದು ಪಾತಿಗಳ ನಡುವಿನ ಕಾಲುದಾರಿಗೆ ಹೋಯಿತು.

ಉಣುಗೋಲು

ಬಾಗಿಲಿಗೆ ಕೀಲು, ಚಿಲಕ ಬೇಡವೆಂದು ಮೊದಲೇ ಗೊತ್ತುಮಾಡಿದ್ದೆ. ನಮ್ಮ ತೋಟದ ದಾರಿಯಲ್ಲಿದ್ದಂಥ ಉಣುಗೋಲೇ ಬೇಕಿತ್ತು. ಎರಡು ದಪ್ಪ ಕಂಬ, ಅವುಗಳಲ್ಲಿ ಸಾಲಾಗಿ ತೂತು, ತೂತಿನಲ್ಲಿ ಜಾರುವ ಗಳು. 1.2 ಮೀಟರ್ ಬಾಗಿಲಿಗೆ 1.5 ಮೀಟರ್ ಗಳು. ಒಂದು ಕಂಬದಲ್ಲಿ ತೂತು ಆಚೆ ತನಕ, ಇನ್ನೊಂದರಲ್ಲಿ ಎರಡಿಂಚು ಆಳಕ್ಕೆ ಮಾತ್ರ. 65 ಮಿ.ಮೀ. ಗುಣಿಸು 45ರ ಗಳಿಗೆ ಪ್ರತಿ ಬದಿಯಲ್ಲೂ ಏಳೆಂಟು ಮಿ.ಮೀ. ಸಡಿಲವಿರುವ ತೂತು. ಮಳೆಗಾಲದಲ್ಲಿ ಮರ ಉಬ್ಬಿದರೂ ಆಗ ಗಳು ಸಿಕ್ಕಿಕೊಳ್ಳುವುದಿಲ್ಲ. ಕಂಬ ಕೊಯ್ದ ಮರುದಿನವೇ, ನೆಡುವ ಮೊದಲು, ನಾಲ್ಕು ಮೂಲೆಗೂ ದಪ್ಪ ಬೈರಿಗೆಯಿಂದ ಕೊರೆದು ನಡುವಿನದನ್ನು ಉಳಿ, ಕೊಡತಿಯಿಂದ ತೆಗೆದೆ. ಒಂದು ತೂತಿಗೆ ನಲವತ್ತು ನಿಮಿಷ. ಅತಿ ಮೇಲಿನ ತೂತಿಗೂ ಕಂಬದ ತಲೆಗೂ ನಡುವೆ ಸಾಕಷ್ಟು ಮರ ಉಳಿದಿರಬೇಕು, ಇಲ್ಲವಾದರೆ ತಲೆ ಸೀಳುತ್ತದೆ. ನೆಲದಿಂದ 30, 70, 100 ಸೆಂಟಿಮೀಟರ್ ಎತ್ತರದಲ್ಲಿ ಮೂರು ಗಳು. ಒಂದೊಂದೂ ಐದು ಕಿಲೋ, ಎಂಟು ವರ್ಷದ ಮಗ ತಾನೇ ಸರಿಸುತ್ತಾನೆ. ಉಣುಗೋಲು ದನ ತಡೆಯುತ್ತದೆ, ಮೊಲ ತಡೆಯುವುದಿಲ್ಲ. ಅದಕ್ಕೆ ಒಳಬದಿಯಲ್ಲಿ ಬಲೆ ಹೊದಿಸಿದ ಹಗುರ ಚೌಕಟ್ಟೊಂದನ್ನು ಒರಗಿಸಿಟ್ಟಿದ್ದೇನೆ.

ಎಲ್ಲ ಮುಗಿದ ಮೇಲೆ ವಿಡಿಯೋ ಕರೆಯಲ್ಲಿ ಅಪ್ಪಯ್ಯನಿಗೆ ಬೇಲಿಯ ಸುತ್ತ ನಡೆದು ತೋರಿಸಿದೆ. ಕಂಬದ ಬುಡ ನೋಡಿದರು, ಮೂಲೆ ನೋಡಿದರು, ಉಣುಗೋಲಿನ ಎದುರು ನಿಲ್ಲಲು ಹೇಳಿದರು. "ಕೆಳಗಿನ ಎರಡು ಗಳುಗಳ ನಡುವೆ ಎಳೆಗರು ತಲೆ ತೂರಿಸುತ್ತದೆ, ಸಿಕ್ಕಿಕೊಂಡರೆ ಕತ್ತು ಮುರಿದುಕೊಳ್ಳುತ್ತದೆ. ನಡುವೆ ಇನ್ನೊಂದು ಹಾಕು," ಎಂದರು. ಪಕ್ಕದವರ ಹಿಂಡಿನಲ್ಲಿ ಆಗ ಎರಡು ಎಳೆಗರುಗಳಿದ್ದವು. 50 ಸೆಂಟಿಮೀಟರ್ ಎತ್ತರಕ್ಕೆ ಗುರುತು ಹಾಕಿ, ನೆಟ್ಟು ಹತ್ತು ತಿಂಗಳಾಗಿದ್ದ ಕಂಬಗಳಿಗೆ ಬೈರಿಗೆ ಇಟ್ಟೆ. ಆ ಎರಡು ತೂತು ಕೊರೆಯಲು ಒಂದಿಡೀ ಭಾನುವಾರ, ಒಂದು ಬೈರಿಗೆ, ಮತ್ತು ಮೂರು ಸಲ ಸಾಣೆ ಹಿಡಿದ ಉಳಿ ಬೇಕಾಯಿತು.